ಭಿಕ್ಷುಣೀದೀಕ್ಷೆಯೂ ಬದಲಾಗದ ಸತ್ಯವೂ

ಮೈಸೂರು ಸರ್ಕಾರವು 1960ರ ಸುಮಾರಿಗೆ ಕೊಟ್ಟ ಕಾಡುನೆಲದಲ್ಲಿ ಬಿಡಾರ ಹೂಡಿ, ಮರ ಕಡಿದು, ಬೊಡ್ಡೆ ಕಿತ್ತು, ಆನೆಗಳ ಹಾವಳಿಯ ನಡುವೆ ಮುಸುಕಿನ ಜೋಳ ಬೆಳೆದ ಟಿಬೆಟಿನ ನಿರಾಶ್ರಿತರು, ಲ್ಹಾಸದಲ್ಲಿ ಕಳೆದುಕೊಂಡ ಸೆರಾ ಮಹಾವಿಹಾರವನ್ನು ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿಯೂ, ಗ್ಯುದ್ಮೆ ತಾಂತ್ರಿಕ ವಿಹಾರವನ್ನು ಹುಣಸೂರಿನ ಗುರುಪುರದಲ್ಲಿಯೂ ಪುನಃ ಕಟ್ಟಿಕೊಂಡರು. ಆ ಕಾಡನ್ನು ಕಡಿದವರಲ್ಲಿ ಹೆಂಗಸರೂ ಇದ್ದರು. ಆದರೆ ಅವರ ಮಗನು ಚೀವರ ತೊಟ್ಟರೆ ಪೂರ್ಣ ಭಿಕ್ಷುವಾಗಬಹುದು. ಮಗಳು ಆ ಪರಂಪರೆಯಲ್ಲಿ ಆಮರಣವೂ ಕಿರಿಯ ದೀಕ್ಷೆಯ ಶ್ರಾಮಣೇರಿಯಾಗಿಯೇ ಉಳಿಯಬೇಕು.

ಹಿರಿಯ ಭಿಕ್ಷುಗಳು ಇದಕ್ಕೆ ಕೊಡುವ ಕಾರಣವು ಲಘುವಾದುದಲ್ಲ. ಅವರು ಅನುಸರಿಸುವ ಮೂಲಸರ್ವಾಸ್ತಿವಾದ ವಿನಯದ (ಸಂಘನಿಯಮಾವಳಿಯ) ಪ್ರಕಾರ ಸ್ತ್ರೀಯ ಉಪಸಂಪದೆಗೆ, ಎಂದರೆ ಪೂರ್ಣ ದೀಕ್ಷೆಗೆ, ಭಿಕ್ಷುಸಂಘದೊಡನೆ ಭಿಕ್ಷುಣೀಸಂಘವೂ ಇರತಕ್ಕದ್ದು. ಟಿಬೆಟಿನಲ್ಲಿ ಅಂತಹ ಸಂಘವು ನೆಲೆಗೊಳ್ಳಲೇ ಇಲ್ಲ. ಇಲ್ಲದ ಪರಂಪರೆಯನ್ನು ಕಾಲದ ಒತ್ತಾಯಕ್ಕೆ ಮಣಿದು ಸೃಷ್ಟಿಸುವುದು ಬುದ್ಧವಚನಕ್ಕೆ ಬಗೆವ ದ್ರೋಹವೆಂಬುದು ವಾದ. ಸ್ತ್ರೀಯರ ಪಕ್ಷದಲ್ಲಿಯೇ ಮಾತನಾಡುತ್ತ ಬಂದ ದಲೈಲಾಮಾ ಅವರೂ, ಇದು ತಾವೊಬ್ಬರೇ ನಿರ್ಣಯಿಸತಕ್ಕ ವಿಷಯವಲ್ಲವೆಂದು 2007ರ ಹ್ಯಾಂಬರ್ಗ್ ಸಮ್ಮೇಳನದಲ್ಲಿ ಕೈ ಚೆಲ್ಲಿದರು. ಸತ್ಯವು ಜನಾಭಿಪ್ರಾಯವನ್ನು ಅನುಸರಿಸಿ ಬದಲಾಗದೆಂಬುದನ್ನು ನಾನೂ ಒಪ್ಪುತ್ತೇನೆ. ಕೈಯೆತ್ತಿಸಿ ಎಣಿಸಲು ಧರ್ಮವೇನೂ ಪಂಚಾಯಿತಿಯ ಠರಾವಲ್ಲ. ನನ್ನ ತಕರಾರು ಬೇರೆ: ದುಃಖನಿರೋಧದ ಸತ್ಯವನ್ನೂ ಸಂಘದ ಕಾರ್ಯವಿಧಾನವನ್ನೂ ಒಂದೇ ಪೀಠದಲ್ಲಿರಿಸಿ ಎರಡಕ್ಕೂ ಒಂದೇ ಆರತಿಯೆತ್ತುವುದು ಯಾವ ನ್ಯಾಯ?

ವಿನಯಪಿಟಕವನ್ನೇ ಓದೋಣ. ಸಾಕುತಾಯಿಯಾದ ಮಹಾಪ್ರಜಾಪತಿ ಗೌತಮಿಯು ಪ್ರವ್ರಜ್ಯೆಯನ್ನು ಬೇಡಿದಾಗ ಬುದ್ಧನು ಮೂರು ಬಾರಿ ನಿರಾಕರಿಸಿದನು. ಆಕೆ ತಲೆ ಬೋಳಿಸಿ, ಕಾಷಾಯವನ್ನುಟ್ಟು, ಬಾತ ಕಾಲುಗಳಿಂದ ವೈಶಾಲಿಯವರೆಗೆ ನಡೆದುಬಂದು ಬಾಗಿಲ ಹೊರಗೆ ಅಳುತ್ತ ನಿಂತಿರಲು, ಆನಂದನು ಒಳಹೊಕ್ಕು, ಸ್ತ್ರೀಯು ಅರ್ಹತ್ಪದವಿಗೆ ಶಕ್ತಳೋ ಅಲ್ಲವೋ ಎಂದು ಕೇಳಿದನು. ಶಕ್ತಳೆಂದು ಬುದ್ಧನು ಒಪ್ಪಿದ ಮೇಲೆ ನಿರಾಕರಣೆಯು ನಿಲ್ಲಲಿಲ್ಲ. (ಜತೆಗೆ ಹೊರಿಸಿದ ಎಂಟು ಗುರುಧರ್ಮಗಳ ಜಗಳ ಇನ್ನೊಂದು ದಿನಕ್ಕಿರಲಿ.) ಹುಣಸೂರು ತಾಲ್ಲೂಕಿನ ಗೊಮ್ಮಟಗಿರಿಗೆ ಕೈಮುಗಿಯುವ ದಿಗಂಬರರ ಶಾಸ್ತ್ರವು ಸ್ತ್ರೀದೇಹದಲ್ಲಿ ಮುಕ್ತಿಯಿಲ್ಲವೆನ್ನುತ್ತದೆ, ಒಪ್ಪದಿದ್ದರೂ ಅದು ಸಿದ್ಧಾಂತವೆಂದು ಅರ್ಥವಾಗುತ್ತದೆ. ಸೆರಾದ ಹಿರಿಯರಿಗೆ ಆ ಆಸರೆಯೂ ಇಲ್ಲ. ಅಷ್ಟೇ ಅಲ್ಲ, ಪರಿನಿರ್ವಾಣಕ್ಕೆ ಮುನ್ನ ಬುದ್ಧನು ಕ್ಷುದ್ರಾನುಕ್ಷುದ್ರ ನಿಯಮಗಳನ್ನು ಸಂಘವು ಬೇಕೆನಿಸಿದರೆ ಬಿಡಬಹುದೆಂದನು. ಯಾವುವು ಕ್ಷುದ್ರವೆಂದು ಆನಂದನು ಕೇಳಲು ಮರೆತನು. ಕಡೆಗೆ ರಾಜಗೃಹದ ಸಂಗೀತಿಯೆಂಬ ಭಿಕ್ಷುಸಭೆಯಲ್ಲಿ ಮಹಾಕಾಶ್ಯಪಾದಿ ಸ್ಥವಿರರು, ಗುರುವಿನ ಚಿತೆಯ ಹೊಗೆ ಆರುವುದರೊಳಗೆ ಶಿಷ್ಯರು ಕಟ್ಟಳೆ ಬಿಟ್ಟರೆಂದು ಗೃಹಸ್ಥರು ಆಡಿಕೊಂಡಾರೆಂಬ ಅಳುಕಿನಿಂದ, ಒಂದನ್ನೂ ಬಿಡಬಾರದೆಂದು ನಿಶ್ಚಯಿಸಿದರು. ಯಾವ ಲೋಕಾಭಿಪ್ರಾಯಕ್ಕೆ ಮಣಿಯಲಾರೆವೆಂದು ಇಂದು ಹೇಳಲಾಗುತ್ತಿದೆಯೋ, ಅದರ ಭಯದಿಂದಲೇ ಅಂದು ಈ ಕಟ್ಟು ಬಿಗಿಯಿತು!

ಅಚಲವೆಂದು ಸಾರಿದುದನ್ನು ಬದಲಿಸಿದ ಮತಗಳು ಬೇಕಾದಷ್ಟಿವೆ. 2020ರಲ್ಲಿ ಬೆಂಗಳೂರಿನಲ್ಲಿ ತಮ್ಮ ದೇವಾಲಯಕ್ಕೆ ಅಡಿಗಲ್ಲಿಟ್ಟ ಮಾರ್ಮನ್ ಪಂಥದ ಕ್ರೈಸ್ತರು ಪರಮಸತ್ಯದ ವಿಷಯದಲ್ಲಿ ಯಾರಿಗೂ ಸೋಲುವವರಲ್ಲ. ಆದರೂ ಅಮೆರಿಕದ ಸರ್ಕಾರವು ಕಾನೂನಿನಿಂದ ಹಿಂಡಿದ ಮೇಲೆ 1890ರಲ್ಲಿ ಬಹುಪತ್ನೀತ್ವವನ್ನೂ, 1978ರಲ್ಲಿ ಆಫ್ರಿಕ ಮೂಲದ ಪುರುಷರಿಗಿದ್ದ ಪೌರೋಹಿತ್ಯನಿಷೇಧವನ್ನೂ, ದೈವಾದೇಶವಾಯಿತೆಂದು ಹೇಳಿ ಕೈಬಿಟ್ಟರು. ಆದೇಶವು ಇಷ್ಟು ಸಮಯೋಚಿತವಾಗಿ ಬಂದುದೇಕೆಂದು ಕುಹಕಿಗಳು ಕೇಳಬಹುದು. ಮಾರ್ಮನರಿಗಾದರೋ ದೈವವಾಣಿಯನ್ನು ಕೇಳುವ ಪ್ರವಾದಿಯಿದ್ದಾನೆ. ಉತ್ತರಾಧಿಕಾರಿಯನ್ನೇ ನೇಮಿಸದೆ ಹೋದ ಬುದ್ಧನ ಸಂಘವು ಯಾವ ಆಕಾಶವಾಣಿಗಾಗಿ ಕಾಯುತ್ತಿದೆ?

ಪೂರ್ಣ ದೀಕ್ಷೆಯಿಲ್ಲದವರು ವಿನಯವನ್ನು ಸಮಗ್ರವಾಗಿ ಓದಬಾರದೆಂಬ ಕಾರಣದಿಂದ ಸ್ತ್ರೀಯರಿಗೆ ಶಾಸ್ತ್ರವ್ಯಾಸಂಗದ ಉನ್ನತ ಪದವಿಯಾದ ಗೆಶೆಯೂ ನಿಷಿದ್ಧವಾಗಿತ್ತು. 2012ರಲ್ಲಿ ಆ ಅಡ್ಡಿ ತೊಲಗಿ, 2016ರಲ್ಲಿ ಮುಂಡಗೋಡದಲ್ಲಿ 20 ಮಂದಿ ಸ್ತ್ರೀಯರು ಆ ಪದವಿ ಪಡೆದು ಗೆಶೆಮಾಗಳಾದರು. ಧರ್ಮಕ್ಕೇನೂ ಗ್ಲಾನಿಯಾಗಲಿಲ್ಲ. ಅದೇ ಮೂಲಸರ್ವಾಸ್ತಿವಾದದ ಭೂತಾನದಲ್ಲಿ 2022ರ ಜೂನ್ ತಿಂಗಳಲ್ಲಿ 144 ಮಂದಿ ಸ್ತ್ರೀಯರಿಗೆ ಭಿಕ್ಷುಣೀದೀಕ್ಷೆಯೂ ಆಯಿತು. ಇನ್ನೂ ಸಂದೇಹವಿದ್ದರೆ ಸೆರಾದ ತರ್ಕಾಂಗಣವಿದೆ: ಅಲ್ಲಿ ಪ್ರಶ್ನಿಸುವವನು ನಿಂತು, ಒಂದು ಕಾಲೆತ್ತಿ ಅಪ್ಪಳಿಸಿ, ಅಂಗೈಗೆ ಅಂಗೈ ಹೊಡೆದು ಸವಾಲೆಸೆಯುತ್ತಾನೆ, ಉತ್ತರಿಸುವವನು ನೆಲದ ಮೇಲೆ ಕುಳಿತಿರಬೇಕು. ವಿನಯವನ್ನು ಓದಿ ಮುಗಿಸಿದ ಗೆಶೆಮಾಗಳು ಅಲ್ಲಿ ನಿಂತು ಕೇಳಲಿ. ಹಿರಿಯರು ಕುಳಿತು ಉತ್ತರ ಹೇಳಲಿ.