ಟೋಲ್ ಕಟ್ಟದೇ ಇರೋರು ಕಟ್ತಾ ಇರೋದು

ನಮ್ ಕಡೆ ಈಗ ಯಾರ ಮನೆ ಕಾರ್ಯಕ್ಕೆ ಹೋದ್ರೂ ಇಷ್ಟೆ. ಊಟ ಆಗಿ ಗಂಡಸ್ರು ಎಲೆಅಡ್ಕೆ ಹಾಕ್ಕಂಡು ಕುಂತ್ರು ಅಂದ್ರೆ ಮಾತು ಬೆಂಗ್ಳೂರು–ಮೈಸೂರು ರೋಡಿಗೆ ಬಂದೇ ಬತ್ತದೆ. ಒಬ್ರು ಟೋಲ್ ಜಾಸ್ತಿ ಆಯ್ತು ಅಂತಾರೆ. ಇನ್ನೊಬ್ರು, ಅಷ್ಟು ಬೇಗ ಹೋಗಿ ಸೇರ್ತೀವಲ್ಲ, ಕಟ್ಟುದ್ರೆ ಏನ್ ಗಂಟು ಹೋಯ್ತದೆ ಅಂತಾರೆ. ಎರಡೂ ಕಡೆಯೋರು ಕಾರಿರೋರೇ ಕಣ್ರವ್ವಾ. ನಮ್ಮಂಥೋರ ಲೆಕ್ಕ ಅಲ್ಲಿ ಬರದೇ ಇಲ್ಲ. ನಮ್ಮನೇಲಿ ಕಾರಿಲ್ಲ. ನಾನು ಇದುವರ್ಗೂ ಆ ಗೇಟಲ್ಲಿ ಒಂದು ರೂಪಾಯಿ ಕಟ್ಟಿಲ್ಲ. ಆದ್ರೂ ಆ ರೋಡಿಗೆ ನಾವು ದಿನಾ ಕಟ್ತಾನೇ ಇದೀವಿ, ದುಡ್ಡಲ್ಲಲ್ಲ, ಹೊತ್ತಲ್ಲಿ. ಅದ್ನ ಯಾರೂ ಬೋರ್ಡಲ್ಲಿ ಬರ್ದಿಲ್ಲ, ಅದ್ಕೇ ನಾನು ಇಲ್ಲಿ ಬರೀತಾ ಇದೀನಿ.

ಮೊದ್ಲು ಗೇಟಿನ ಲೆಕ್ಕ ಹೇಳ್ಬುಡ್ತೀನಿ. ಪ್ರಧಾನಿ ಬಂದು ರೋಡ್ ಉದ್ಘಾಟನೆ ಮಾಡಿದ್ದು 2023ರ ಮಾರ್ಚ್ 12ಕ್ಕೆ, ನಮ್ಮ ಮಂಡ್ಯ ಜಿಲ್ಲೇಲೇ. ಎರಡು ದಿನ ಬುಟ್ಟು ಟೋಲ್ ಶುರುವಾಯ್ತು. ಬೆಂಗ್ಳೂರಿಂದ ನಿಡಘಟ್ಟದ ಗಂಟ ಕಾರಿಗೆ 135 ರೂಪಾಯಿ, ಒಂದೇ ದಿನ ಹೋಗಿ ಬಂದ್ರೆ 205. ಜೂನ್ ಬರೋ ಹೊತ್ಗೆ 135 ಹೋಗಿ 165 ಆಯ್ತು. ಜುಲೈಲಿ ಶ್ರೀರಂಗಪಟ್ಟಣದ ಹತ್ರ ಗಣಂಗೂರಲ್ಲಿ ಇನ್ನೊಂದು ಗೇಟ್ ತಗುದ್ರು, ಅಲ್ಲಿ 155. ಗೇಟಿಗೆ 20 ಕಿಲೋಮೀಟರ್ ಒಳಗಿರೋ ಮನೆಯೋರ ಸ್ವಂತ ಕಾರಿಗೆ ತಿಂಗಳಿಗೆ ಮುನ್ನೂರು ಚಿಲ್ಲರೆ ಪಾಸ್ ಕೊಡ್ತಾರೆ, ಅವ್ರು ಸ್ಥಳೀಯರು. ನಮ್ ಮದ್ದೂರು ಒಂದು ಗೇಟಿಗೂ ಹತ್ರ ಇಲ್ಲ. ಅತ್ಲಾಗೆ ಬಿಡದಿ ಕಡೆದು ದೂರ, ಇತ್ಲಾಗೆ ಗಣಂಗೂರೂ ದೂರ. ರೋಡಿಗೆ ಜಮೀನು ಕೊಟ್ಟ ಊರುಗಳು ನಡುಮಧ್ಯೆ ಇದ್ಕಂಡು ಪಾಸಿನ ಲೆಕ್ಕದಲ್ಲಿ ಪರಊರಾದ್ವು. 2025ರ ಆಗಸ್ಟ್ 15ರಿಂದ ವರ್ಷದ ಪಾಸ್ ಬಂದದೆ, ಬಂದಾಗ ಅದ್ಕೆ 3000 ರೂಪಾಯಿ ಇತ್ತು, 200 ಸಲ ಓಡಾಡ್ಬೋದು. ನಮ್ಮಣ್ಣ ಮಾಡಿಸ್ಕಂಡವ್ನೆ, ಖುಷಿಯಾಗವ್ನೆ. ಒಳ್ಳೇದೇ. ಆದ್ರೆ ಅದು ಸ್ವಂತ ಕಾರು, ಜೀಪು, ವ್ಯಾನಿಗೆ ಮಾತ್ರ. ಎಳನೀರು ತುಂಬ್ಕಂಡು ಹೋಗೋ ಟೆಂಪೋಗೆ ಇಲ್ಲ. ಟೆಂಪೋದೋನು ಕಟ್ಟಿದ್ದನ್ನ ವ್ಯಾಪಾರಿ ಎಲ್ಲಿ ಮುರ್ಕತಾನೆ ಹೇಳಿ? ಬೆಂಗ್ಳೂರಲ್ಲಿ ಕುಡಿಯೋರ ಹತ್ರ ಒಸಿ, ನಮ್ ತೋಟದಲ್ಲಿ ಕಾಯಿ ಎಣಿಸೋವಾಗ ಒಸಿ.

ನಮ್ಗೆ ಹೆಂಗಸ್ರಿಗೆ ಬಸ್ ಫ್ರೀ ಅಲ್ವ, ನಿಮ್ಗೇನ್ ಟೋಲು ಅಂತ ನಮ್ ಮೈದುನ ರೇಗುಸ್ತಾನೆ. ಹೌದಪ್ಪ, 2023ರ ಜೂನಿಂದ ಫ್ರೀನೇ. ಆದ್ರೆ ನನ್ ಮಗ ಹೆಂಗಸಲ್ಲವಲ್ಲ! ಈ ರೋಡಲ್ಲಿ ಹೋಗೋ ಬಸ್ಸಿಗೆ ಟಿಕೆಟ್ ಮೇಲೆ ಯೂಸರ್ ಫೀ ಅಂತ ಹಾಕುದ್ರು. ಅದೂ ಹೋಗ್ಲಿ. ಫ್ರೀ ಬಸ್ಸಾಗ್ಲಿ ದುಡ್ಡಿನ ಬಸ್ಸಾಗ್ಲಿ, ಮೊದ್ಲು ನಿಲ್ಬೇಕಲ್ಲ. ಹಳೇ ರೋಡಲ್ಲಿ ಎಲ್ಲಾ ಬಸ್ಸೂ ಊರೊಳಗೇ ಬರ್ಬೇಕಾಗಿತ್ತು, ಬೇರೆ ದಾರಿ ಇರ್ಲಿಲ್ಲ. ಈಗ ಮದ್ದೂರ್ ಪೇಟೆ ತಲೆ ಮೇಲೇ ಫ್ಲೈಓವರ್ ಹೋಗದೆ. ಬಸ್ಸು ಹೋಗೋ ಸದ್ದು ನಮ್ಗೆ ಕೇಳ್ತದೆ, ಬಸ್ ಸಿಗಕಿಲ್ಲ.

ನನ್ ಮಗ ಬೆಂಗ್ಳೂರಲ್ಲಿ ಕೆಲ್ಸ ಮಾಡ್ತಾನೆ. ರೂಮ್ ಬಾಡಿಗೆ, ಅಡ್ವಾನ್ಸು, ಹೋಟೆಲ್ ಊಟ ಅಂತ ಲೆಕ್ಕ ಹಾಕುದ್ರೆ ಸಂಬಳ ಅಲ್ಲೇ ಕರಗೋಯ್ತದೆ ಅಂತ ದಿನಾ ಊರಿಂದಲೇ ಓಡಾಡ್ತಾನೆ. ರೈಲಲ್ಲಿ ಹೋಯ್ತಾನೆ, ಸೀಸನ್ ಟಿಕೆಟ್ಟು. ಕೆಂಗೇರಿಲಿ ಇಳ್ದು ಮೆಟ್ರೋ ಹತ್ತಾನೆ. ನಾನು ನಾಲ್ಕಕ್ಕೆ ಎದ್ದು ಡಬ್ಬಿ ಕಟ್ಬೇಕು. ರೈಲಲ್ಲಿ ನಿಂತ್ಕಂಡೇ ಹೋದ್ರೂ ಪರ್ವಾಗಿಲ್ಲ, ಮದ್ದೂರಲ್ಲಿ ನಿಲ್ತದಲ್ಲ, ಅದು ದೊಡ್ಡದು. ಕಷ್ಟ ಬರೋದು ಸಂಜೆ ಕೆಲ್ಸ ತಡ ಆಗಿ ರೈಲು ತಪ್ಪೋದಾಗ. ಬಸ್ ಸ್ಟ್ಯಾಂಡಲ್ಲಿ ಮೈಸೂರ್ ಬಸ್ಸು ಸಾಲಾಗಿ ನಿಂತಿರ್ತವೆ. ಎಲ್ಲಾದ್ರಲ್ಲೂ ಒಂದೇ ಉತ್ರ, ನಾನ್‌ಸ್ಟಾಪು, ಮದ್ದೂರಿಗೆ ಇಳಿಯಲ್ಲ. ಒಂದೊಂದ್ಸಲ ಡ್ರೈವರ್ ಮನಸು ಮಾಡಿ ಹೈವೇ ಮೇಲೇ ಇಳಿಸ್ತಾರೆ. ಕತ್ಲಲ್ಲಿ, ಕಾರುಗಳು ಗಾಳಿ ಹಂಗೆ ಹೋಗೋ ಜಾಗದಲ್ಲಿ, ಒಬ್ನೇ ನಡ್ಕಂಡು ಬರ್ಬೇಕು. ಅದ್ಕಿಂತ ಮಂಡ್ಯಕ್ಕೆ ಹೋಗಿ ವಾಪಸ್ ಬಾ ಮಗ ಅಂತೀನಿ ನಾನು. ಮಂಡ್ಯಕ್ಕೆ ಹೋಗಿ ಬರೋ ಹೊತ್ಗೆ ಹನ್ನೊಂದು. ಮುದ್ದೆ ಆರೋಗಿರ್ತದೆ. ಅವನು ಉಂಡು ಮಲ್ಗೋ ತನಕ ನನ್ಗೆಲ್ಲಿ ನಿದ್ದೆ. ಮತ್ತೆ ನಾಲ್ಕಕ್ಕೆ ಅಲಾರಂ.

ಮೈಸೂರಿಂದ ಬೆಂಗ್ಳೂರಿಗೆ ಹೋಗೋರಿಗೆ ಒಂದು ಗಂಟೆಗಿಂತ ಹೆಚ್ಚು ಉಳೀತಂತೆ. ನಿಜ, ಉಳ್ದದೆ. ಆ ಗಂಟೆ ಎಲ್ಲಿಂದ ಬಂತು ಅಂತ ನಾನು ಕೇಳೋದು. ಒಸಿ ಭಾಗ ಅಗಲವಾದ ರೋಡಿಂದ ಬಂತು, ಒಪ್ಪುವಾ. ಇನ್ನೊಂದು ಭಾಗ ನಮ್ಮೂರುಗಳಲ್ಲಿ ನಿಲ್ಲದೇ ಇರೋದ್ರಿಂದ ಬಂತು. ರಾಮನಗರ, ಚನ್ನಪಟ್ಣ, ಮದ್ದೂರು, ಮಂಡ್ಯ, ಇವೆಲ್ಲಾ ಮೊದ್ಲು ದಾರೀಲಿ ಸಿಗೋ ಊರು. ಈಗ ದಾರಿ ಬುಟ್ಟು ಇರೋ ಊರು. ಚನ್ನಪಟ್ಣದ ಗೊಂಬೆ ಅಂಗಡಿಯೋರ್ನ ಕೇಳಿ, ಹಳೇ ರೋಡಲ್ಲಿ ಕಾರು ನಿಲ್ಲಿಸಿ ಮಕ್ಳಿಗೆ ಗೊಂಬೆ ಕೊಡಿಸ್ತಿದ್ದೋರು ಈಗ ಹೊರಗಿಂದ ಹೊರಗೇ ಹೋಯ್ತಾರೆ. ನಮ್ ಮದ್ದೂರ್ ವಡೆಗೆ ಅಷ್ಟು ಭಯ ಇಲ್ಲ ಬಿಡಿ, ಅದು ಹುಟ್ಟಿದ್ದೇ ರೈಲ್ವೆ ಸ್ಟೇಷನ್ನಲ್ಲಿ.

ಇನ್ನು ಪಕ್ಕದ ಮನೆ ದೊಡ್ಡಮ್ಮನ ವಿಷ್ಯ ಹೇಳ್ಬೇಕು. ಅವ್ರನ್ನ ಕೇಳೇ ಬರೀತಾ ಇರೋದು. ಅವ್ರ ಜಮೀನು ರೋಡಿನ ಆಚೆ ಕಡೆ, ಮನೆ ಈಚೆ ಕಡೆ. ಮಧ್ಯೆ ಆರು ಪಥ, ಎರಡು ಬದೀಲಿ ಸರ್ವಿಸ್ ರೋಡು, ತಂತಿಬೇಲಿ. ಮೊದ್ಲು ಹಳೇ ರೋಡ್ ದಾಟಿ ಹತ್ತು ನಿಮಿಷಕ್ಕೆ ಹೊಲ ಸೇರೋರು. ಈಗ ಅಂಡರ್‌ಪಾಸಿಗೆ ಸುತ್ತಾಕ್ಕಂಡು ಹೋಗ್ಬೇಕು, ತಲೆ ಮೇಲೆ ಹುಲ್ಲಿನ ಹೊರೆ, ವಯಸ್ಸು ಅರವತ್ತು ದಾಟದೆ. ಮಳೆ ಬಂದ್ರೆ ಅಂಡರ್‌ಪಾಸಲ್ಲಿ ಮಂಡಿ ತನಕ ನೀರು. ಒಂದ್ಸಲ ಜಾರಿ ಬಿದ್ದು ಸೊಂಟ ಹಿಡ್ಕಂಡ್ರು. ಬೇಲಿ ಕಿತ್ತು ನುಸುಳೋರೂ ಅವ್ರೆ. ಅದು ಯಮನ ಹತ್ರ ಹೋಗೋ ದಾರಿ, ದೊಡ್ಡಮ್ಮ ಒಪ್ಪಲಿಲ್ಲ. ಹೋದ ವರ್ಷ ಒಂದು ಹಸ ಮಾರುದ್ರು. ಈ ವರ್ಷ ಯುಗಾದಿ ಆದ್ಮೇಲೆ ಇನ್ನೊಂದೂ ಮಾರ್ಬುಟ್ರು.

ಡೇರಿ ಬಟವಾಡೆ ಅಂದ್ರೆ ನಮ್ಮಲ್ಲಿ ಹೆಂಗಸ್ರ ದುಡ್ಡು, ನಿಮ್ಗೆ ಹೇಳ್ಬೇಕಾಗಿಲ್ಲ. ಕಬ್ಬಿನ ದುಡ್ಡು, ಭತ್ತದ ದುಡ್ಡು ಗಂಡಸ್ರ ಜೇಬಿಗೆ ಹೋಯ್ತದೆ. ಹಾಲಿನ ದುಡ್ಡು ಸೆರಗಿನ ಗಂಟಲ್ಲಿ ಇರ್ತದೆ. ದೊಡ್ಡಮ್ಮ ಆ ದುಡ್ಡಲ್ಲಿ ಬಿಪಿ ಮಾತ್ರೆ ತಗೊಳ್ಳೋರು, ಮೊಮ್ಮಗ್ಳಿಗೆ ಕಿವಿಗೆ ಓಲೆ ಮಾಡಿಸಿದ್ರು, ಹೆಣ್ಮಕ್ಕಳು ತೌರಿಗೆ ಬಂದ್ರೆ ಮಡ್ಲು ತುಂಬಿ ಕಳಿಸೋರು. ಈಗ ಮಾತ್ರೆಗೂ ಮಗನ ಕೈ ನೋಡ್ಬೇಕು. ಮಗ ಇಲ್ಲ ಅನ್ನಲ್ಲ, ಆದ್ರೂ ಕೇಳ್ಬೇಕಲ್ಲ. ಹೇಳಿ ಈಗ, ದೊಡ್ಡಮ್ಮ ಟೋಲ್ ಕಟ್ಟಿಲ್ವಾ? 135ರ ಲೆಕ್ಕದಲ್ಲಿ ಎರಡು ಹಸೀನ ರೇಟು ಎಷ್ಟು ಸಲ ಆಯ್ತದೆ ನೀವೇ ಭಾಗಾಕಾರ ಮಾಡ್ಕಳಿ.

ರೋಡೇ ಬೇಡ ಅನ್ನೋ ಗುಂಪಿಗೆ ನನ್ನ ಸೇರಿಸ್ಬೇಡಿ. ನಮ್ಮ ಭಾವನೋರಿಗೆ ಎದೆನೋವು ಬಂದಾಗ ಇದೇ ರೋಡಲ್ಲಿ ಒಂದು ಗಂಟೆ ಒಳಗೆ ಮೈಸೂರು ಆಸ್ಪತ್ರೆ ಸೇರಿದ್ದು, ಜೀವ ಉಳೀತು. ಟೋಲ್ ತಗಬೇಡಿ ಅಂತಲೂ ಅನ್ನಲ್ಲ, ರೋಡ್ ನೋಡ್ಕಳಕ್ಕೆ ದುಡ್ಡು ಬೇಕು. ಬೈಕು, ಆಟೋ, ಟ್ರ್ಯಾಕ್ಟರ್ ಬಿಡ್ಬೇಡಿ ಅಂತ 2023ರ ಆಗಸ್ಟಿಂದ ಮಾಡಿದ್ದಕ್ಕೂ ನಮ್ಮೂರ ಹುಡುಗ್ರಿಗೆ ಕೋಪ ಅದೆ, ನನ್ಗಿಲ್ಲ. ಆ ಸ್ಪೀಡಲ್ಲಿ ಬೈಕ್ ಓಡ್ಸಿ ಮಕ್ಳನ್ನ ಕಳ್ಕೊಳಕ್ಕೆ ಯಾವ ತಾಯಿ ಒಪ್ತಾಳೆ? ಆದ್ರೆ ಬೈಕನ್ನ ಮೇಲಿಂದ ಇಳಿಸಿದ್ಮೇಲೆ ಕೆಳಗಿನ ಸರ್ವಿಸ್ ರೋಡ್ ನೆಟ್ಟಗಿರ್ಬೇಕಲ್ವ. ಅದು ಎಲ್ಲಾ ಕಡೆ ಒಂದೇ ಸಮ ಇಲ್ಲ. ಒಂದ್ಕಡೆ ಅಗಲ, ಒಂದ್ಕಡೆ ಕಿಷ್ಕಿಂದೆ, ಸೇತುವೆ ಬಂದ್ರೆ ಸುತ್ತು. ಮೇಲ್ಗಡೆ ರೋಡಲ್ಲಿ ಗೇಟಾಕಿ ದುಡ್ಡು ತಗೋತಾರೆ, ಕೆಳಗಡೆ ರೋಡಲ್ಲಿ ಗುಂಡಿ ಮುಚ್ಚಕ್ಕೆ ಆ ದುಡ್ಡಲ್ಲಿ ಒಸಿ ಇಳಿಸ್ಬಾರ್ದಾ?

ನನ್ಗೆ ಅನ್ಸೋದು ಇಷ್ಟು. ಟೋಲ್ ದುಡ್ಡಲ್ಲಿ ಮೊದಲ ಪಾಲು ರೋಡಿನ ಎರಡು ಬದಿಯ ಊರಿಗೆ ಬರ್ಬೇಕು, ಪಾಸ್ ಆಗಿ ಅಲ್ಲ, ನಮ್ಗೆ ಕಾರಿಲ್ಲ ಅಂದ್ನಲ್ಲ. ದಾಟಕ್ಕೆ ಮೆಟ್ಲು ಕಮ್ಮಿ ಇರೋ ಸೇತುವೆ ಬೇಕು, ಹೊರೆ ಹೊತ್ತೋರು ಹತ್ತೋ ಹಂಗೆ. ಅಂಡರ್‌ಪಾಸಲ್ಲಿ ನೀರು ಹೋಗೋ ಚರಂಡಿ ಬೇಕು, ಒಂದು ಲೈಟು ಬೇಕು. ರಾತ್ರಿ ಎಂಟರ ಮೇಲೆ ಬೆಂಗ್ಳೂರು ಬಿಡೋ ಬಸ್ಸಲ್ಲಿ ಒಂದೆರಡಾದ್ರೂ ಮದ್ದೂರಿಗೆ ಇಳ್ದು ಹೋಗ್ಲಿ. ಮೈಸೂರೋರಿಗೆ ಹತ್ತು ನಿಮಿಷ ತಡ ಆಯ್ತದೆ, ಆಗ್ಲಿ. ನಮ್ಗೆ ಒಂದೂವರೆ ಗಂಟೆ ಉಳೀತದೆ.

ಬರೋ ಗ್ರಾಮಸಭೇಲಿ ಅಂಡರ್‌ಪಾಸ್ ನೀರಿನ ವಿಷ್ಯ ನಾನು ಎತ್ತೋಳೇ. ದೊಡ್ಡಮ್ಮನೂ ಬತ್ತೀನಿ ಅಂದವ್ರೆ. ಗಂಡಸ್ರು ಮುಂದಿನ ಕುರ್ಚಿ ಹಿಡ್ಕಂಡು ಕುಂತಿರ್ತಾರೆ, ಅದ್ಕೇ ಒಸಿ ಬೇಗ್ನೆ ಬನ್ನಿ. ಹಾಲು ಡೇರಿಗೆ ಹಾಕಿ ಹಂಗೇ ಬಂದ್ರೆ ಸರಿಹೋಯ್ತದೆ. ಅಂಡರ್‌ಪಾಸಲ್ಲಿ ನೀರು ನಿಂತಾಗ ಫೋನಲ್ಲಿ ಫೋಟೋ ಹಿಡ್ದೋರು ಯಾರಾರ ಇದ್ರೆ ನನ್ಗೆ ಕಳ್ಸಿ, ಅಚ್ಚು ಹಾಕಿಸ್ಕಂಡು ಬತ್ತೀನಿ.