ಕಂಪನಿಯ ಒಳಜಾಲ: ಕಟ್ಟಿದರೆ ಸಾಲದು, ಕಾಯಬೇಕು

ಕಂಪನಿಗಳ ಆಂತರಿಕ ಬಳಕೆಗೆಂದು 2016ರಲ್ಲಿ ಆರಂಭಿಸಿದ್ದ ‘ವರ್ಕ್‌ಪ್ಲೇಸ್’ ಸೇವೆಯನ್ನು ಮುಚ್ಚುವುದಾಗಿ ಫೇಸ್‌ಬುಕ್‌ನ ಮಾತೃಸಂಸ್ಥೆ ಮೆಟಾ 2024ರ ಮೇ ತಿಂಗಳಲ್ಲಿ ಪ್ರಕಟಿಸಿತು. 2025ರ ಆಗಸ್ಟ್ ಅಂತ್ಯದವರೆಗೆ ಎಂದಿನಂತೆ ಬಳಕೆ, ಬಳಿಕ ಓದಲಷ್ಟೇ ಅವಕಾಶ, 2026ರ ಮೇ 31ಕ್ಕೆ ಪೂರ್ಣವಿರಾಮ ಎಂಬುದು ಅದು ನಿಗದಿಪಡಿಸಿದ ವೇಳಾಪಟ್ಟಿ. ಸುತ್ತೋಲೆ, ಚರ್ಚೆ, ಸಲಹೆಗಳನ್ನೆಲ್ಲ ಅಲ್ಲಿಯೇ ಪೇರಿಸಿಟ್ಟಿದ್ದ ಕಂಪನಿಗಳಿಗೆ ಆಗ ಎದುರಾದ ಪ್ರಶ್ನೆ ಒಂದೇ: ಇದರಲ್ಲಿ ಉಳಿಸಿಕೊಳ್ಳಬೇಕಾದುದು ಯಾವುದು, ಬಿಡಬೇಕಾದುದು ಯಾವುದು? ಅದನ್ನು ಹೇಳಬೇಕಾದವರು ಯಾರೆಂಬುದೇ ತಿಳಿಯದ ಕಂಪನಿಗೆ ಇದು ತಂತ್ರಜ್ಞಾನದ ಸಮಸ್ಯೆಗಿಂತ ಆಡಳಿತದ ಸಮಸ್ಯೆ.

ನೌಕರರಿಗೆ ಮಾತ್ರ ತೆರೆದಿರುವ ಇಂಥ ಒಳಜಾಲಕ್ಕೆ ಇಂಟ್ರಾನೆಟ್ ಎಂದು ಹೆಸರು. ಇಂದು ಜಗತ್ತನ್ನೇ ಆವರಿಸಿರುವ ವೆಬ್ ಕೂಡ ಮೂಲತಃ ಒಂದು ಸಂಸ್ಥೆಯ ಒಳಗಿನ ತೊಂದರೆಗೆ ಹುಡುಕಿದ ಪರಿಹಾರವೆಂಬುದು ಗಮನಾರ್ಹ. ಜಿನೀವಾ ಬಳಿಯ ಸರ್ನ್ ಸಂಶೋಧನಾ ಕೇಂದ್ರದಲ್ಲಿ ಸಾವಿರಾರು ಮಂದಿ ದುಡಿಯುತ್ತಿದ್ದರು. ಅನೇಕರು ಎರಡೇ ವರ್ಷಗಳಲ್ಲಿ ಹೊರಟುಹೋಗುತ್ತಿದ್ದರು. ಅವರೊಂದಿಗೆ ಮಾಹಿತಿಯೂ ಕಳೆದುಹೋಗುತ್ತಿತ್ತು. ಈ ನಷ್ಟವನ್ನು ತಡೆಯಲೆಂದೇ ಟಿಮ್ ಬರ್ನರ್ಸ್-ಲೀ 1989ರ ಮಾರ್ಚ್‌ನಲ್ಲಿ ತಮ್ಮ ಪ್ರಸ್ತಾವವನ್ನು ಮುಂದಿಟ್ಟರು. ನೌಕರ ಹೋದರೂ ಆತನ ಅರಿವು ಉಳಿಯಬೇಕೆಂಬ ಈ ಅಗತ್ಯವೇ ಒಳಜಾಲದ ಬುನಾದಿ. ನೌಕರಿ ಬದಲಿಸುವುದು ಸಹಜವಾಗಿರುವ ಬೆಂಗಳೂರಿನ ಕಂಪನಿಗಳಿಗೆ ಈ ಮಾತನ್ನು ಬಿಡಿಸಿ ಹೇಳಬೇಕಿಲ್ಲ.

<b>ಇನ್ಫೋಸಿಸ್ ಕಲಿತ ಪಾಠ</b>

ಈ ವಿಷಯದಲ್ಲಿ ಬೆಂಗಳೂರಿನದೇ ಒಂದು ಉದಾಹರಣೆ ಲೋಕದ ಮ್ಯಾನೇಜ್‌ಮೆಂಟ್ ತರಗತಿಗಳನ್ನು ತಲುಪಿದೆ. ಇನ್ಫೋಸಿಸ್ ತನ್ನ ನೌಕರರ ಅನುಭವವನ್ನು ಒಂದೆಡೆ ಕಲೆಹಾಕಲು ‘ಕೆ-ಶಾಪ್’ ಎಂಬ ಆಂತರಿಕ ತಾಣವನ್ನು ರೂಪಿಸಿತು. ಬರೆಯುವವರನ್ನು ಹುರಿದುಂಬಿಸಲು ಅಂಕಗಳನ್ನು ಕೊಟ್ಟು, ಅವುಗಳಿಗೆ ಪ್ರತಿಯಾಗಿ ಬಹುಮಾನ ಪಡೆಯುವ ವ್ಯವಸ್ಥೆಯನ್ನೂ ಜಾರಿಗೆ ತಂದಿತು. ಬರಹಗಳು ಪ್ರವಾಹದಂತೆ ಹರಿದುಬಂದವು. ಆದರೆ ಅಂಕಕ್ಕಾಗಿಯೇ ಬರೆಯುವ ಪ್ರವೃತ್ತಿಯೂ ಅದರ ಬೆನ್ನಿಗೇ ಬಂತು. ಬೇಕಾದುದನ್ನು ರಾಶಿಯೊಳಗಿಂದ ಹೆಕ್ಕುವುದು ಕಷ್ಟವಾಯಿತು. ಕಂಪನಿ 2002ರಲ್ಲಿ ಅಂಕದ ನಿಯಮಗಳನ್ನೇ ತಿದ್ದಬೇಕಾಯಿತು. ಈ ಏಳುಬೀಳುಗಳನ್ನು ರಘು ಗರುಡ್ ಮತ್ತು ಅರುಣ್ ಕುಮಾರಸ್ವಾಮಿ ಅವರು 2005ರಲ್ಲಿ ‘ಎಂಐಎಸ್ ಕ್ವಾರ್ಟರ್ಲಿ’ ಪತ್ರಿಕೆಯ ಪ್ರಬಂಧವೊಂದರಲ್ಲಿ ವಿಶ್ಲೇಷಿಸಿದ್ದಾರೆ. ಪುಟಗಳ ಸಂಖ್ಯೆ ಬೆಳೆದ ಮಾತ್ರಕ್ಕೆ ಪ್ರಯೋಜನ ಬೆಳೆಯುವುದಿಲ್ಲ ಎಂಬುದೇ ಇದರ ಸಾರ.

ಬಹುತೇಕ ಒಳಜಾಲಗಳು ಎಡವುವುದು ಯೋಜನೆಯ ಹಂತದಲ್ಲಿಯೇ. ಯಾವ ತಂತ್ರಾಂಶ ಕೊಳ್ಳಬೇಕು, ಮುಖಪುಟದಲ್ಲಿ ಯಾರ ಭಾವಚಿತ್ರ ಇರಬೇಕು ಎಂಬ ಚರ್ಚೆಗೆ ತಿಂಗಳುಗಟ್ಟಲೆ ಸಮಯ ವ್ಯಯವಾಗುತ್ತದೆ. ನೌಕರ ಅಲ್ಲಿಗೆ ಬರುವುದಾದರೂ ಏತಕ್ಕೆ ಎಂಬ ಪ್ರಶ್ನೆ ಕೊನೆಗೆ ಉಳಿಯುತ್ತದೆ. ರಜೆ ಎಷ್ಟು ಬಾಕಿ ಇದೆ, ವೇತನ ಚೀಟಿ ಎಲ್ಲಿದೆ, ಭವಿಷ್ಯ ನಿಧಿಗೆ ನಾಮನಿರ್ದೇಶನ ಮಾಡುವುದು ಹೇಗೆ, ಆಸ್ಪತ್ರೆಗೆ ಸೇರಿದರೆ ವಿಮೆಗಾಗಿ ಯಾರನ್ನು ಸಂಪರ್ಕಿಸಬೇಕು: ಆತನ ಪ್ರಶ್ನೆಗಳು ಇಷ್ಟು ಸರಳ. ಮಾನವ ಸಂಪನ್ಮೂಲ ಮತ್ತು ಲೆಕ್ಕಪತ್ರ ವಿಭಾಗಗಳಿಗೆ ಪದೇ ಪದೇ ಬರುವ ಪ್ರಶ್ನೆಗಳನ್ನು ಒಂದು ತಿಂಗಳು ಬರೆದಿಟ್ಟುಕೊಂಡರೆ ಒಳಜಾಲದ ನಕ್ಷೆ ತಾನಾಗಿಯೇ ಸಿದ್ಧವಾಗುತ್ತದೆ.

ನಿರ್ವಹಣೆಯ ಹಂತದಲ್ಲಿ ಮುಖ್ಯವಾದುದು ಹೊಣೆಗಾರಿಕೆ. ಪ್ರತಿ ಪುಟದ ಕೆಳಗೂ ಅದಕ್ಕೆ ಜವಾಬ್ದಾರರಾದವರ ಹೆಸರು ಮತ್ತು ಮುಂದಿನ ಪರಿಶೀಲನೆಯ ದಿನಾಂಕ ಇರಬೇಕು. ಆ ವ್ಯಕ್ತಿ ಬೇರೆ ವಿಭಾಗಕ್ಕೆ ಹೋದರೆ ಪುಟ ಇನ್ನೊಬ್ಬರಿಗೆ ಹಸ್ತಾಂತರವಾಗಬೇಕು. ಪ್ರಯಾಣ ಭತ್ಯೆಯ ಹಳೆಯ ನಿಯಮವೂ ಹೊಸ ನಿಯಮವೂ ಒಟ್ಟಿಗೆ ಸಿಗುವ ತಾಣವನ್ನು ನೌಕರ ಎರಡನೆಯ ಬಾರಿ ನಂಬುವುದಿಲ್ಲ. ಪಕ್ಕದ ಮೇಜಿನವರನ್ನು ಕೇಳುತ್ತಾನೆ. ಇಂದು ಒಳಜಾಲದ ದಾಖಲೆಗಳನ್ನೇ ಓದಿ ಉತ್ತರಿಸುವ ಕೃತಕ ಬುದ್ಧಿಮತ್ತೆಯ ಸಹಾಯಕಗಳು ಬಂದಿವೆ. ಅವುಗಳಿಗೂ ಇದೇ ಮಾತು ಅನ್ವಯ. ರದ್ದಾದ ಸುತ್ತೋಲೆಯನ್ನು ತೆಗೆಯದೆ ಬಿಟ್ಟರೆ ತಪ್ಪು ಉತ್ತರವೇ ಹೆಚ್ಚು ಆತ್ಮವಿಶ್ವಾಸದಿಂದ ಹೊರಬರುತ್ತದೆ.

<b>ಹೊರಗುಳಿದವರು ಯಾರು?</b>

ಮೇಜು, ಕಂಪ್ಯೂಟರು, ಇ-ಮೇಲ್ ವಿಳಾಸ ಇರುವವರನ್ನಷ್ಟೇ ನೌಕರರೆಂದು ಭಾವಿಸುವುದು ಇನ್ನೊಂದು ದೋಷ. ಪೀಣ್ಯದ ಯಂತ್ರದ ಮುಂದೆ ನಿಂತವರಿಗೂ, ಉಗ್ರಾಣದಲ್ಲಿ ಸರಕು ಎಣಿಸುವವರಿಗೂ ಸುರಕ್ಷತಾ ನಿಯಮ ಬೇಕು. ಅದು ಮೊಬೈಲ್‌ನಲ್ಲಿ ತೆರೆಯುವಂತಿರಬೇಕು, ಕನ್ನಡದಲ್ಲಿರಬೇಕು. ಕೆಲಸದ ಸ್ಥಳದಲ್ಲಿ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯು ಆಂತರಿಕ ಸಮಿತಿ ರಚನೆಯ ಆದೇಶವನ್ನು ಎದ್ದು ಕಾಣುವ ಸ್ಥಳದಲ್ಲಿ ಪ್ರದರ್ಶಿಸಬೇಕೆನ್ನುತ್ತದೆ. ಹಲವು ಕೊಂಡಿಗಳ ಹಿಂದೆ ಇಂಗ್ಲಿಷಿನಲ್ಲಿ ಅಡಗಿದ ಆದೇಶದಿಂದ ಈ ಕಾಯ್ದೆಯ ಆಶಯ ಈಡೇರುವುದಿಲ್ಲ.

ಒಳಗಿನದೆಂಬ ಕಾರಣಕ್ಕೆ ಒಳಜಾಲ ಸುರಕ್ಷಿತವೆಂದು ಭಾವಿಸುವಂತೆಯೂ ಇಲ್ಲ. ಅನೇಕ ಇಂಟ್ರಾನೆಟ್‌ಗಳಿಗೆ ಆಧಾರವಾಗಿರುವ ಮೈಕ್ರೋಸಾಫ್ಟ್‌ನ ಶೇರ್‌ಪಾಯಿಂಟ್ ತಂತ್ರಾಂಶದ ದೋಷವನ್ನು ಬಳಸಿಕೊಂಡು 2025ರ ಜುಲೈಯಲ್ಲಿ ಹಲವು ದೇಶಗಳ ಸಂಸ್ಥೆಗಳ ಮೇಲೆ ದಾಳಿ ನಡೆಯಿತು. ಗುರಿಯಾದುದು ಸಂಸ್ಥೆಗಳು ಸ್ವತಃ ನಿರ್ವಹಿಸುತ್ತಿದ್ದ ಸರ್ವರ್‌ಗಳೇ. ಮೈಕ್ರೋಸಾಫ್ಟ್‌ನ ಕ್ಲೌಡ್ ಸೇವೆಗೆ ಆ ದೋಷ ತಟ್ಟಲಿಲ್ಲ. ಭಾರತದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 2023ರಲ್ಲಿ ಅಂಗೀಕಾರವಾಗಿ, ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿವೆ. ದತ್ತಾಂಶಕ್ಕೆ ಸೂಕ್ತ ರಕ್ಷಣೆ ಒದಗಿಸದಿದ್ದರೆ 250 ಕೋಟಿ ರೂಪಾಯಿವರೆಗೆ ದಂಡ ವಿಧಿಸಲು ಅದರಲ್ಲಿ ಅವಕಾಶವಿದೆ. ನೌಕರರ ವೇತನ, ಆರೋಗ್ಯ, ಬ್ಯಾಂಕ್ ಖಾತೆಯ ವಿವರಗಳನ್ನು ಯಾರು ನೋಡಬಹುದೆಂಬ ನಿರ್ಧಾರವನ್ನು ಇನ್ನು ತಂತ್ರಜ್ಞರಿಗೊಬ್ಬರಿಗೇ ಬಿಡುವಂತಿಲ್ಲ.

ಒಳಜಾಲದ ಯಶಸ್ಸನ್ನು ಎಷ್ಟು ಮಂದಿ ಭೇಟಿ ಕೊಟ್ಟರು ಎಂಬುದರಿಂದ ಅಳೆಯಲಾಗದು. ಬೇಕಾದುದು ಸಿಗದೆ ಅಲೆದವರ ಲೆಕ್ಕವೂ ಅದರಲ್ಲಿ ಸೇರಿರುತ್ತದೆ. ಹೊಸದಾಗಿ ಸೇರಿದ ಐದಾರು ನೌಕರರಿಗೆ ನಾಲ್ಕು ಕೆಲಸ ಕೊಟ್ಟು, ಯಾರ ನೆರವೂ ಇಲ್ಲದೆ ಮುಗಿಸುವರೇ ಎಂದು ನೋಡುವುದು ಅದಕ್ಕಿಂತ ವಿಶ್ವಾಸಾರ್ಹ ಪರೀಕ್ಷೆ. ಇದಕ್ಕೆ ದೊಡ್ಡ ಬಜೆಟ್ ಬೇಕಿಲ್ಲ. ಅಧಿಕಾರವುಳ್ಳ ಒಬ್ಬ ಸಂಪಾದಕ ಬೇಕು. ತಂತ್ರಾಂಶಕ್ಕೆ ಕೋಟಿಗಟ್ಟಲೆ ಸುರಿದು ಈ ಒಂದು ಹುದ್ದೆಗೆ ಜಿಪುಣತನ ತೋರುವ ಕಂಪನಿಗಳು, ಆ ಉಳಿತಾಯದ ಬೆಲೆಯನ್ನು ತಮ್ಮ ನೌಕರರ ಸಮಯದಲ್ಲಿ ಪ್ರತಿದಿನವೂ ತೆರುತ್ತವೆ.