ಕಿವಿ ಯಾರಪ್ಪನ ಸೊತ್ತು?

ಬೆಂಗಳೂರಿನ ಹೋಟೆಲೊಂದರಲ್ಲಿ ಹೈ-ಫೈ ಆಡಿಯೋ ಪ್ರದರ್ಶನ. ನಾನೂ ನನ್ನವರೂ ಮನೆಯಲ್ಲೇ ಕೂಡಿಸಿದ ವಾಲ್ವ್ ಆಂಪ್ಲಿಫೈಯರನ್ನು ಹೊತ್ತು ಹೋಗಿದ್ದೆವು. ಅದರ ಬೆಸುಗೆಯೆಲ್ಲ ನನ್ನ ಕೈಯದು. ಹಿಂದಿನ ರಾತ್ರಿ ಕೋಣೆಯ ಮಂಚ ಸರಿಸಿ, ಸ್ಪೀಕರುಗಳನ್ನು ಮೂಲೆಯಿಂದ ಮುಂದಕ್ಕೆಳೆದವಳೂ ನಾನೇ. ಮೂಲೆ ಸೇರಿದರೆ ಮಂದ್ರ ಗುಮ್ಮೆಂದು ಉಬ್ಬಿ ಹಾಡನ್ನೇ ನುಂಗುತ್ತದೆ.

ಬೆಳಿಗ್ಗೆ ಬಂದ ಮಹನೀಯರು ಪ್ರಶ್ನೆ ಕೇಳಿದ್ದೆಲ್ಲ ನನ್ನವರನ್ನು. ಉತ್ತರ ಕೊಟ್ಟದ್ದು ನಾನು. ಅವರು ತಲೆದೂಗಿದ್ದು ನನ್ನವರ ಮುಖ ನೋಡಿ! "ಕಾಫಿ ಸಿಗುತ್ತಾ ಮೇಡಂ?" ಎಂಬುದೊಂದೇ ನನ್ನ ಪಾಲಿಗೆ ಬಂದ ಪ್ರಶ್ನೆ.

ಈ ಹವ್ಯಾಸಿಗಳ ಲೋಕದಲ್ಲಿ 'ವೈಫ್ ಆಕ್ಸೆಪ್ಟೆನ್ಸ್ ಫ್ಯಾಕ್ಟರ್' ಎಂಬ ಮಾತೇ ಇದೆ. 1983ರಲ್ಲೇ ಅಮೆರಿಕದ ಪತ್ರಿಕೆಯಲ್ಲಿ ಅಚ್ಚಾದದ್ದು. ಅಂದರೆ, ಈ ಪೆಟ್ಟಿಗೆಯನ್ನು ನಡುಮನೆಯಲ್ಲಿಡಲು ಹೆಂಡತಿ ಬಿಟ್ಟಾಳೇ ಎಂಬ ಲೆಕ್ಕ. ನಮಗೆ ಕಣ್ಣಿದೆ, ಕಿವಿಯಿಲ್ಲ! ಆದರೆ ವಯಸ್ಸಾದಂತೆ ತಾರದ ಸೂಕ್ಷ್ಮ ದನಿಗಳು ಸಾಮಾನ್ಯವಾಗಿ ಮೊದಲು ತಪ್ಪಿಹೋಗುವುದು ಗಂಡಸರ ಕಿವಿಗೇ.

ಗಂಗೂಬಾಯಿ ಹಾನಗಲ್ (1913-2009) ಅವರ ರೆಕಾರ್ಡು ಹಾಕಿದೆ. ಕೋಣೆ ಸ್ತಬ್ಧವಾಯಿತು. "ಯಾರ್ರೀ ಈ ಗಾಯಕ?" ಎಂದರು, ಕಿವಿಯ ಪರಿಣತಿಯ ಬಗ್ಗೆ ಅರ್ಧ ಗಂಟೆ ಮಾತಾಡಿದ್ದ ಒಬ್ಬರು. ಹೆಸರು ಹೇಳಿದೆ. ಅವರು ಕಾಫಿ ಹುಡುಕಿಕೊಂಡು ಹೋದರು.

ಅಕ್ಕಂದಿರೇ, ಪೆಟ್ಟಿಗೆ ಇಡಲು ಒಪ್ಪಿಗೆ ಕೊಟ್ಟು ಅಡುಗೆಮನೆಗೆ ಹೋಗಿಬಿಡಬೇಡಿ. ಮುಂದಿನ ಕುರ್ಚಿಯಲ್ಲಿ ಕೂತು ಕೇಳಿ. ಚೆನ್ನಾಗಿಲ್ಲದಿದ್ದರೆ ಚೆನ್ನಾಗಿಲ್ಲವೆನ್ನಿ. ಸಾಸಿವೆಯ ಚಟಪಟ ಕೇಳಿಯೇ ಒಗ್ಗರಣೆಯ ಹದ ಹಿಡಿಯುವ ಕಿವಿಗೆ ಯಾರ ಪ್ರಮಾಣಪತ್ರ ಬೇಕು?